ಪೇಮೆಂಟ್ ಗೇಟ್‌ವೇ ಜೋಡಿಸುವ ಮೂರು ದಾರಿ: ಮಾಡಿ ನೋಡಿದ ಹೋಲಿಕೆ

ಪೇಮೆಂಟ್ ಗೇಟ್‌ವೇ, ಅಂದರೆ ಸೈಟಿನ ಪರವಾಗಿ ಗ್ರಾಹಕರಿಂದ ಆನ್‌ಲೈನ್ ದುಡ್ಡು ಪಡೆದುಕೊಡುವ ಸೇವೆ, ಆರಿಸೋಣ ಅಂತ ಕೂತರೆ ಮಾತು ಮೊದಲು ಹೋಗುವುದು ಕಮಿಷನ್ ಕಡೆಗೆ. ಯಾರದು ಎಷ್ಟು ಪರ್ಸೆಂಟ್, ಯಾರದು ಅಗ್ಗ. ಅದೂ ನೋಡಬೇಕು, ಇಲ್ಲ ಅನ್ನಲ್ಲ. ಆದರೆ ಕೋಡ್ ಬರೆಯುವವರ ತಲೆ ತಿನ್ನುವುದು ಅದಲ್ಲ, ಗೇಟ್‌ವೇಯನ್ನು ಸೈಟಿಗೆ ಜೋಡಿಸುವ ರೀತಿ. ಒಂದೇ ಗೇಟ್‌ವೇಯನ್ನು ಮೂರು ಬಗೆಯಲ್ಲಿ ಜೋಡಿಸಬಹುದು. ಮೂರರಲ್ಲೂ ಕೆಲಸ ಬೇರೆ, ಹೊಣೆ ಬೇರೆ.

ಒಂದು ಪುಟ್ಟ ಆರ್ಡರ್ ಸೈಟ್ ಇಟ್ಟುಕೊಂಡು ಮೂರನ್ನೂ ಮಾಡಿ ನೋಡಿದೆ. ಹೆಚ್ಚಾಗಿ ಸ್ಟ್ರೈಪ್ ಮತ್ತು ಪೇಪಾಲ್ ಎಂಬ ಎರಡು ಗೇಟ್‌ವೇಗಳ ಟೆಸ್ಟ್ ಖಾತೆಗಳಲ್ಲಿ, ಅಂದರೆ ನಿಜವಾದ ದುಡ್ಡು ಓಡಾಡದ ಖಾತೆಗಳಲ್ಲಿ. ಇವೆರಡರ ಡಾಕ್ಯುಮೆಂಟೇಶನ್ ಯಾರು ಬೇಕಾದರೂ ಓದಬಹುದು, ಟೆಸ್ಟ್ ಖಾತೆ ತೆರೆಯುವುದೂ ಸುಲಭ. ಅದಕ್ಕೇ ಇವನ್ನು ಆರಿಸಿಕೊಂಡೆ.

ಗ್ರಾಹಕರನ್ನು ಅವರ ಪುಟಕ್ಕೇ ಕಳಿಸುವುದು

ಒಂದು ಆರ್ಡರಿನ ಪಾವತಿಗೆ ಅಂತ ನಮ್ಮ ಸರ್ವರ್ ಗೇಟ್‌ವೇ ಹತ್ತಿರ ಒಂದು ಸೆಷನ್ ಕೇಳುತ್ತದೆ. ಗೇಟ್‌ವೇ ಒಂದು ಲಿಂಕ್ ಕೊಡುತ್ತದೆ. ನಾವು ಬ್ರೌಸರನ್ನು ಆ ಕಡೆ ತಿರುಗಿಸುತ್ತೇವೆ. ಅಷ್ಟೇ. ಕಾರ್ಡ್ ನಂಬರ್ ತಗೊಳ್ಳುವುದು, ತಪ್ಪಿದ್ದರೆ ಹೇಳುವುದು, ಬ್ಯಾಂಕಿನ ಒಟಿಪಿ ಪುಟ ತೋರಿಸುವುದು, ಆಪಲ್ ಪೇ, ಗೂಗಲ್ ಪೇ ಬಟನ್ ಇಡುವುದು ಎಲ್ಲ ಅವರ ಪಾಡು. ಕೋಡ್ ಕಮ್ಮಿ. ಕಾರ್ಡ್ ಮಾಹಿತಿ ಸುರಕ್ಷಿತವಾಗಿಡಲು ಕಾರ್ಡ್ ಉದ್ಯಮ ಮಾಡಿಕೊಂಡ ಪಿಸಿಐ ಡಿಎಸ್‌ಎಸ್ ನಿಯಮದ ಲೆಕ್ಕದಲ್ಲೂ ಹೊರೆ ಕಮ್ಮಿ. ಸಾಮಾನ್ಯವಾಗಿ ಎಸ್‌ಎಕ್ಯೂ ಎ ಎಂಬ ಚಿಕ್ಕ ಪ್ರಶ್ನಾವಳಿ ತುಂಬಿದರೆ ಸಾಕು.

ಡಿಸೈನರ್‌ಗಳಿಗೆ ಇದು ಹಿಡಿಸುವುದಿಲ್ಲ. ಲೋಗೋ ಹಾಕಬಹುದು, ಬಣ್ಣ ಬದಲಿಸಬಹುದು, ಅದಕ್ಕಿಂತ ಜಾಸ್ತಿ ಕೈಯಾಡಿಸಲು ಬಿಡುವುದಿಲ್ಲ. ನನಗೆ ಅದೇನೂ ದೊಡ್ಡ ಕೊರತೆ ಅನ್ನಿಸಲಿಲ್ಲ. ದುಡ್ಡು ಕೊಡುವ ಪುಟ ಬೇರೆ ಕಡೆಯೂ ನೋಡಿದ ಪುಟದ ಹಾಗೇ ಇದ್ದರೆ ಜನ ಅನುಮಾನಪಡದೆ ಕಾರ್ಡ್ ನಂಬರ್ ಹಾಕುತ್ತಾರೆ.

ಗಮನ ಕೊಡಬೇಕಾದ್ದು ಬೇರೆ ಕಡೆ. ದುಡ್ಡು ಕಟ್ಟಿದ ಮೇಲೆ ಗ್ರಾಹಕರು ನಮ್ಮ 'ಧನ್ಯವಾದ' ಪುಟಕ್ಕೆ ವಾಪಸ್ ಬರುತ್ತಾರೆ ಅಂದುಕೊಂಡು ಎಷ್ಟೋ ಸೈಟುಗಳು ಆ ಪುಟ ತೆರೆದಾಗಲೇ ಆರ್ಡರ್ ಪಕ್ಕಾ ಮಾಡಿಬಿಡುತ್ತವೆ. ಇದನ್ನು ಪರೀಕ್ಷಿಸಲೆಂದೇ 4242 4242 4242 4242 ಎಂಬ ಸ್ಟ್ರೈಪ್‌ನ ಟೆಸ್ಟ್ ಕಾರ್ಡ್ ಹಾಕಿ, ಪೇ ಒತ್ತಿದ ತಕ್ಷಣ ಟ್ಯಾಬ್ ಮುಚ್ಚಿದೆ. ಡ್ಯಾಶ್‌ಬೋರ್ಡಿನಲ್ಲಿ ಹಣ ಬಂದಿದೆ ಅಂತ ಇತ್ತು. ನನ್ನ ಡೇಟಾಬೇಸಿನಲ್ಲಿ ಅದೇ ಆರ್ಡರ್ 'ಬಾಕಿ' ಅಂತಲೇ ಕೂತಿತ್ತು. ಉಲ್ಟಾ ಕೂಡ ಆಗುತ್ತದೆ. ಸರ್ವರ್ ಏನನ್ನೂ ತಾಳೆ ನೋಡದಿದ್ದರೆ, 'ಧನ್ಯವಾದ' ಪುಟದ ವಿಳಾಸ ಗೊತ್ತಿರುವವರು ಅದನ್ನು ನೇರವಾಗಿ ಟೈಪ್ ಮಾಡಿ ದುಡ್ಡೇ ಕೊಡದೆ ಆರ್ಡರ್ ಪಡೆಯಬಹುದು. ಹಣ ಬಂತೋ ಇಲ್ಲವೋ ಅಂತ ಹೇಳಬೇಕಾದ್ದು ಗೇಟ್‌ವೇಯ ಸರ್ವರ್, ಗ್ರಾಹಕರ ಬ್ರೌಸರ್ ಅಲ್ಲ. ವೆಬ್‌ಹುಕ್, ಅಂದರೆ ಗೇಟ್‌ವೇಯ ಸರ್ವರ್ ತಾನಾಗಿ ನಮ್ಮ ಸರ್ವರ್‌ಗೆ ಕಳಿಸುವ ಸುದ್ದಿ, ಇರುವುದು ಅದಕ್ಕೇ. ಅದರ ಕಥೆ ಮುಂದೆ ಬರುತ್ತದೆ.

ನಮ್ಮ ಪುಟದಲ್ಲೇ ಕೂರಿಸುವುದು

ಎರಡನೆಯ ದಾರಿಯಲ್ಲಿ ಫಾರ್ಮ್ ನಮ್ಮ ಪುಟದಲ್ಲೇ ಕಾಣುತ್ತದೆ. ಆದರೆ ಕಾರ್ಡ್ ನಂಬರ್ ತುಂಬುವ ಜಾಗ ಮಾತ್ರ ಗೇಟ್‌ವೇಯ ಐಫ್ರೇಮ್, ಅಂದರೆ ನಮ್ಮ ಪುಟದೊಳಗೆ ಕೂತ ಅವರ ಪುಟ್ಟ ಪುಟ. ನಂಬರ್ ನಮ್ಮ ಕೋಡಿನ ಕೈಗೆ ಸಿಗುವುದಿಲ್ಲ, ಅದರ ಬದಲಿಗೆ ಟೋಕನ್ ಎಂಬ ಗುರುತು ಮಾತ್ರ ಬರುತ್ತದೆ. ನೋಡಲು ಚೆಂದ, ಗ್ರಾಹಕರು ಸೈಟ್ ಬಿಟ್ಟು ಹೋಗಬೇಕಿಲ್ಲ.

ಕೆಲಸ ಮಾತ್ರ ಜಾಸ್ತಿ. ಪುಟದಲ್ಲಿ ಯಾರ ಕೋಡ್ ಓಡಬಹುದು ಅಂತ ಬ್ರೌಸರ್‌ಗೆ ಹೇಳುವ ನಮ್ಮ ಸೈಟಿನ ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯಲ್ಲಿ ಗೇಟ್‌ವೇಯ ಡೊಮೈನ್‌ಗಳಿಗೆ ಅನುಮತಿ ಕೊಡಬೇಕು. ಕೊಡದಿದ್ದರೆ ಕಾರ್ಡ್ ಜಾಗ ಖಾಲಿ ಡಬ್ಬಿಯ ಹಾಗೆ ಕಾಣುತ್ತದೆ. ಯಾಕೆ ಅಂತ ಬ್ರೌಸರಿನ ಕನ್ಸೋಲ್ ತೆರೆದು ನೋಡಿದವರಿಗೆ ಮಾತ್ರ ಗೊತ್ತು. ಬ್ಯಾಂಕು 3ಡಿ ಸೆಕ್ಯೂರ್ (ಒಟಿಪಿಯಂಥ ಹೆಚ್ಚುವರಿ ತಪಾಸಣೆ) ಕೇಳಿದರೆ ಆ ಪುಟ ನಮ್ಮ ಪುಟದ ಮೇಲೇ ತೆರೆದುಕೊಳ್ಳುತ್ತದೆ. ಗ್ರಾಹಕರು ಅದನ್ನು ಅರ್ಧಕ್ಕೇ ಮುಚ್ಚಿದರೆ ಏನು ಮಾಡಬೇಕು ಅನ್ನುವುದು ನಮ್ಮ ತಲೆನೋವು. ಪೇ ಬಟನ್ನನ್ನು ಎರಡು ಸಲ ಒತ್ತಿದರೆ, ನೆಟ್‌ವರ್ಕ್ ನಡುವೆ ಹೋದರೆ, ಕಾರ್ಡ್ ತಿರಸ್ಕಾರವಾದರೆ, ಒಂದೊಂದಕ್ಕೂ ನಾವೇ ಕೋಡ್ ಬರೆಯಬೇಕು.

ಇನ್ನೊಂದು ವಿಷಯವನ್ನು ಸುಮ್ನೆ ದಾಟಿ ಹೋಗುವಂತಿಲ್ಲ. ಐಫ್ರೇಮ್ ಸುರಕ್ಷಿತವಾಗಿರಬಹುದು. ಅದನ್ನು ಹೊತ್ತ ಪುಟ ನಮ್ಮದು ಅಲ್ವಾ? ಆ ಪುಟದಲ್ಲಿ ಅನಾಲಿಟಿಕ್ಸ್, ಚಾಟ್, ಜಾಹೀರಾತು ಅಂತ ಯಾರ್ಯಾರದೋ ಸ್ಕ್ರಿಪ್ಟ್ ಓಡುತ್ತಿರುತ್ತದೆ. ಅದರಲ್ಲೊಂದು ಕೆಟ್ಟರೆ ನಿಜವಾದ ಐಫ್ರೇಮ್ ಮರೆಮಾಡಿ ನಕಲಿ ಫಾರ್ಮ್ ಇಡಬಹುದು. 2018ರಲ್ಲಿ ಬ್ರಿಟಿಷ್ ಏರ್‌ವೇಸ್ ಸೈಟಿನಲ್ಲಿ ಕಾರ್ಡ್ ವಿವರಗಳನ್ನು ಕದ್ದದ್ದು ಪುಟಕ್ಕೆ ಸೇರಿಸಿದ್ದ ಪುಟ್ಟ ಜಾವಾಸ್ಕ್ರಿಪ್ಟ್ ತುಣುಕು. 2020ರಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಕಂಪನಿಗೆ 2 ಕೋಟಿ ಪೌಂಡ್ ದಂಡ ಹಾಕಿತು. 2025ರ ಮಾರ್ಚ್ 31ರಿಂದ ಪಿಸಿಐ ಕೂಡ ಬಿಗಿಯಾಗಿದೆ. ಹೀಗೆ ಐಫ್ರೇಮ್ ಕೂರಿಸಿಕೊಂಡವರು ಎಸ್‌ಎಕ್ಯೂ ಎ ತುಂಬಬೇಕಾದರೆ ತಮ್ಮ ಸೈಟಿಗೆ ಇಂಥ ಸ್ಕ್ರಿಪ್ಟ್ ದಾಳಿ ತಟ್ಟುವುದಿಲ್ಲ ಅಂತ ಖಾತ್ರಿ ಮಾಡಿಕೊಂಡಿರಬೇಕು. ಹಾಗಾಗಿ ನಾನು ಪಾವತಿ ಪುಟದಿಂದ ಬೇರೆ ಎಲ್ಲ ಸ್ಕ್ರಿಪ್ಟ್ ತೆಗೆದೆ. ಮಾರ್ಕೆಟಿಂಗ್‌ನವರು ಮುಖ ಗಂಟಿಕ್ಕಿದರೂ ಪರವಾಗಿಲ್ಲ.

ನೇರ ಎಪಿಐ

ಮೂರನೆಯದರಲ್ಲಿ ಕಾರ್ಡ್ ನಂಬರ್ ನಮ್ಮ ಸರ್ವರ್‌ಗೇ ಬಂದು ಅಲ್ಲಿಂದ ಎಪಿಐ (ನಮ್ಮ ಕೋಡ್ ಅವರ ಸರ್ವರ್ ಜೊತೆ ಮಾತಾಡುವ ದಾರಿ) ಮೂಲಕ ಗೇಟ್‌ವೇಗೆ ಹೋಗುತ್ತದೆ. ಇದನ್ನು ಟೆಸ್ಟ್ ನಂಬರ್‌ಗಳಲ್ಲಿ ಮಾತ್ರ ಆಡಿ ನೋಡಿದೆ. ಕೋಡ್ ನಿಜಕ್ಕೂ ಸರಳ. ಆದರೆ ಹೊಣೆ ಎಸ್‌ಎಕ್ಯೂ ಡಿ ಎಂಬ ಉದ್ದದ ಪ್ರಶ್ನಾವಳಿಗೆ ಹಾರುತ್ತದೆ. ಲಾಗ್ ಫೈಲಿನಲ್ಲಿ ಒಂದು ಕಾರ್ಡ್ ನಂಬರ್ ಉಳಿದರೂ ಗಂಡಾಂತರ. ಸಿವಿವಿಯನ್ನಂತೂ ಪಾವತಿಗೆ ಒಪ್ಪಿಗೆ ಸಿಕ್ಕ ಮೇಲೆ ಎಲ್ಲೂ ಇಡುವಂತಿಲ್ಲ. ಸ್ವಂತ ಸೆಕ್ಯುರಿಟಿ ತಂಡ ಇಲ್ಲದವರು ಈ ಕಡೆ ತಲೆ ಹಾಕುವುದೇ ಬೇಡ.

ಸ್ಟ್ರೈಪ್, ಪೇಪಾಲ್: ಕೋಡಿನಲ್ಲಿ ಕಂಡ ವ್ಯತ್ಯಾಸ

ಮೊತ್ತ ಕಳಿಸುವ ರೀತಿಯೇ ಬೇರೆ. ಸ್ಟ್ರೈಪ್‌ಗೆ ಕರೆನ್ಸಿಯ ಅತಿ ಚಿಕ್ಕ ಘಟಕದಲ್ಲಿ (ಡಾಲರ್ ಆದರೆ ಸೆಂಟ್) ಪೂರ್ಣಾಂಕ ಕೊಡಬೇಕು. 10 ಡಾಲರ್ ಅಂದರೆ 1000. ಪೇಪಾಲ್‌ಗೆ '10.00' ಅಂತ ಸ್ಟ್ರಿಂಗ್, ಅಂದರೆ ಪಠ್ಯ. ಎರಡನ್ನೂ ಒಂದೇ ಸೈಟಿನಲ್ಲಿ ಇಟ್ಟರೆ ಪರಿವರ್ತನೆಯ ಜಾಗದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಜಾವಾಸ್ಕ್ರಿಪ್ಟಿನಲ್ಲಿ 19.99ನ್ನು 100ರಿಂದ ಗುಣಿಸಿ ನೋಡಿ. 1999 ಬರುವುದಿಲ್ಲ, 1998.9999999999998 ಬರುತ್ತದೆ. ದಶಮಾಂಶ ಕತ್ತರಿಸಿದರೆ ಒಂದು ಸೆಂಟ್ ಮಾಯ. ಬೆಲೆಯನ್ನು ಡೇಟಾಬೇಸಿನಲ್ಲೇ ಪೂರ್ಣಾಂಕವಾಗಿ ಇಟ್ಟರೆ ಈ ಕಾಟ ಇಲ್ಲ. ಆದರೂ ಎಲ್ಲವನ್ನೂ 100ರಿಂದ ಗುಣಿಸುವ ಹಾಗಿಲ್ಲ. ಜಪಾನಿನ ಯೆನ್‌ಗೆ ದಶಮಾಂಶವೇ ಇಲ್ಲ, 1000 ಯೆನ್ ಅಂದರೆ 1000. ಕುವೈತ್ ದಿನಾರ್‌ಗೆ ಮೂರು ದಶಮಾಂಶ.

ಲಾಗಿನ್ ವಿಷಯದಲ್ಲಿ ಸ್ಟ್ರೈಪ್ ಹಗುರ. ಒಂದು ರಹಸ್ಯ ಕೀ ಇದ್ದರೆ ಆಯಿತು. ಪೇಪಾಲ್‌ನಲ್ಲಿ ಕ್ಲೈಂಟ್ ಐಡಿ ಮತ್ತು ಸೀಕ್ರೆಟ್ ಕೊಟ್ಟು ಮೊದಲು ಆಕ್ಸೆಸ್ ಟೋಕನ್ ಎಂಬ ತಾತ್ಕಾಲಿಕ ಪಾಸ್ ಪಡೆಯಬೇಕು, ಅವಧಿ ಮುಗಿದಾಗ ಮತ್ತೆ ಪಡೆಯಬೇಕು. ಎರಡು ಸಲ ಹಣ ಕತ್ತರಿಸದಂತೆ ತಡೆಯುವ ವ್ಯವಸ್ಥೆ ಇಬ್ಬರಲ್ಲೂ ಇದೆ. ಸ್ಟ್ರೈಪ್‌ನಲ್ಲಿ ಐಡೆಂಪೊಟೆನ್ಸಿ ಕೀ, ಪೇಪಾಲ್‌ನಲ್ಲಿ ರಿಕ್ವೆಸ್ಟ್ ಐಡಿ ಹೆಡರ್. ಎರಡೂ ಕೋರಿಕೆಯ ಜೊತೆ ನಾವು ಕಳಿಸುವ ಗುರುತು. ಅದೇ ಕೀ ಜೊತೆ ಅದೇ ಕೋರಿಕೆ ಮತ್ತೆ ಹೋದರೆ ಹೊಸ ಪಾವತಿ ಹುಟ್ಟುವುದಿಲ್ಲ. ಕೀಯನ್ನು ಪ್ರತಿ ಸಲ ಹೊಸದಾಗಿ ಸೃಷ್ಟಿಸಿದರೆ ಮಾತ್ರ ಇದು ಇದ್ದೂ ಇಲ್ಲದಂತೆ. ಆರ್ಡರ್ ಸಿದ್ಧವಾಗುವಾಗಲೇ ಕೀ ಮಾಡಿ ಅದರ ಜೊತೆ ಬರೆದಿಡಬೇಕು.

ಕೋಡ್ ಬರೆಯುವ ಸುಖಕ್ಕೆ ನನ್ನ ಮತ ಸ್ಟ್ರೈಪ್‌ಗೆ. ಆದರೆ ಪೇಪಾಲ್ ಖಾತೆ ಇರುವ ಗ್ರಾಹಕರು ಕಾರ್ಡ್ ನಂಬರ್ ಹುಡುಕುವ ಗೋಜಿಗೇ ಹೋಗುವುದಿಲ್ಲ. ಅಂಥವರು ಜಾಸ್ತಿ ಇದ್ದರೆ ನನ್ನ ಸುಖವನ್ನು ಯಾರು ಕೇಳುತ್ತಾರೆ?

ವೆಬ್‌ಹುಕ್

ಮೇಲಿನ ಮೂರರಲ್ಲಿ ಯಾವುದನ್ನೇ ಆರಿಸಿ, ಈ ಭಾಗ ತಪ್ಪಿದ್ದಲ್ಲ. ನನ್ನ ಸಮಯದ ದೊಡ್ಡ ಪಾಲು ನುಂಗಿದ್ದೂ ಇದೇ. ಹಣ ಬಂದಾಗ ಗೇಟ್‌ವೇ ನಮ್ಮ ಸರ್ವರ್‌ಗೆ ಸುದ್ದಿ ಕಳಿಸುತ್ತದೆ. ಕಳಿಸಿದ್ದು ನಿಜವಾಗಿ ಅವರೇ ಅಂತ ಸಹಿ ನೋಡಿ ಖಚಿತ ಮಾಡಿಕೊಳ್ಳಬೇಕು. ಸ್ಟ್ರೈಪ್‌ನಲ್ಲಿ ಅದು ಎಚ್‌ಮ್ಯಾಕ್ ಸಹಿ, ಅಂದರೆ ಅವರಿಗೂ ನಮಗೂ ಮಾತ್ರ ಗೊತ್ತಿರುವ ರಹಸ್ಯ ಕೀಯಿಂದ ಪಠ್ಯದ ಮೇಲೆ ಲೆಕ್ಕ ಹಾಕಿದ್ದು. ಬಂದ ಪಠ್ಯದ ಒಂದೊಂದು ಬೈಟೂ ಲೆಕ್ಕಕ್ಕೆ ಸೇರುತ್ತದೆ. ಎಕ್ಸ್‌ಪ್ರೆಸ್‌ನಂಥ ಫ್ರೇಮ್‌ವರ್ಕಿನಲ್ಲಿ ಎಲ್ಲ ಕೋರಿಕೆಗಳಿಗೂ ಜೇಸನ್ ಪಾರ್ಸರ್ (ಬಂದ ಪಠ್ಯವನ್ನು ಬಿಡಿಸಿ ಡೇಟಾ ಮಾಡುವ ಕೋಡ್) ಹಾಕಿಟ್ಟಿದ್ದರೆ ಸಹಿ ತಾಳೆಯಾಗುವುದೇ ಇಲ್ಲ. ಪಾರ್ಸ್ ಮಾಡಿದ್ದನ್ನು ಮತ್ತೆ ಪಠ್ಯ ಮಾಡಿದಾಗ ಖಾಲಿ ಜಾಗ ಆಚೀಚೆಯಾಗಿರುತ್ತದೆ. ಕೀ ಸರಿ ಇದೆ, ಕೋಡ್ ಸರಿ ಇದೆ, ಆದರೂ 400, ಅಂದರೆ ಕೋರಿಕೆ ತಪ್ಪು, ಅಂತ ಉತ್ತರ. ವೆಬ್‌ಹುಕ್ ವಿಳಾಸಕ್ಕೆ ಮಾತ್ರ ಕಚ್ಚಾ ಪಠ್ಯ ಸಿಗುವಂತೆ ಬೇರೆ ದಾರಿ ಇಟ್ಟರೆ ಸರಿಹೋಗುತ್ತದೆ.

ಸುದ್ದಿ ಒಂದೇ ಸಲ ಬರುತ್ತದೆ ಅನ್ನುವ ಭರವಸೆ ಇಲ್ಲ, ಸರದಿಯಲ್ಲಿ ಬರುತ್ತದೆ ಅಂತಲೂ ಇಲ್ಲ. ನಮ್ಮ ಸರ್ವರ್ ಉತ್ತರಿಸದಿದ್ದರೆ ಸ್ಟ್ರೈಪ್ ಲೈವ್ ಖಾತೆಯಲ್ಲಿ 3 ದಿನದವರೆಗೆ ಮತ್ತೆ ಮತ್ತೆ ಕಳಿಸುತ್ತದೆ. ಪೇಪಾಲ್ ಕೂಡ 3 ದಿನದಲ್ಲಿ 25 ಸಲದವರೆಗೆ ಯತ್ನಿಸುತ್ತದೆ. ಹಾಗಾಗಿ ಪ್ರತಿ ಸುದ್ದಿಯ ಐಡಿ ಬರೆದಿಟ್ಟು, ಅದೇ ಮತ್ತೆ ಬಂದರೆ ಬಿಟ್ಟುಬಿಡಬೇಕು. ಮೊದಲು 200 (ಸುದ್ದಿ ತಲುಪಿತು) ಅಂತ ಉತ್ತರಿಸಿ, ಇಮೇಲ್ ಕಳಿಸುವಂಥ ನಿಧಾನದ ಕೆಲಸವನ್ನು ಆಮೇಲೆ ಮಾಡಲು ಕ್ಯೂಗೆ ಹಾಕುವುದು ಒಳ್ಳೆಯದು. ಹೆಸರು ಬೇಡದ ಇನ್ನೊಂದು ಗೇಟ್‌ವೇಯಲ್ಲಿ ಸಹಿ ನೋಡುವ ವಿಧಾನ ಒಂದು ಹಳೆಯ ಪಿಡಿಎಫ್‌ನಲ್ಲಿ ಮಾತ್ರ ಇತ್ತು, ಅದೂ ಹಳೆಯ ಆವೃತ್ತಿಯದ್ದು. ಅಂದಿನಿಂದ ಹೊಸ ಗೇಟ್‌ವೇ ನೋಡುವಾಗ ಮೊದಲು ತೆರೆಯುವುದು ವೆಬ್‌ಹುಕ್ ಪುಟವನ್ನೇ.

ಆ್ಯಪ್ ಇದ್ದರೆ

ಸೈಟಿನ ಪಾವತಿ ಪುಟವನ್ನೇ ಆ್ಯಪಿನ ವೆಬ್‌ವ್ಯೂನಲ್ಲಿ (ಆ್ಯಪಿನೊಳಗಿನ ಪುಟ್ಟ ಬ್ರೌಸರ್) ತೋರಿಸುವುದು ಸುಲಭದ ದಾರಿ. ಆದರೆ ಬ್ಯಾಂಕಿನ ಪುಟ ಬೇರೆ ಆ್ಯಪ್ ತೆರೆಯಲು ಹೋದಾಗ ಆಂಡ್ರಾಯ್ಡ್ ವೆಬ್‌ವ್ಯೂ ಆ ಬಗೆಯ ಲಿಂಕ್ ಗೊತ್ತಿಲ್ಲ ಅಂತ ನಿಂತುಬಿಡುತ್ತದೆ. ಆ ಲಿಂಕನ್ನು ನಾವೇ ಹಿಡಿದು ಆ ಆ್ಯಪಿಗೆ ಕಳಿಸಬೇಕು. ಫೋನಿನ ಬ್ರೌಸರನ್ನೇ ತೆರೆಯುವುದು ಇದಕ್ಕಿಂತ ವಾಸಿ. ಗೇಟ್‌ವೇಯ ಎಸ್‌ಡಿಕೆ, ಅಂದರೆ ಆ್ಯಪಿಗೆ ಸೇರಿಸಿಕೊಳ್ಳಲು ಅವರೇ ಕೊಡುವ ಸಿದ್ಧ ಕೋಡ್, ಇನ್ನೂ ಚೆನ್ನಾಗಿ ನಡೆಯುತ್ತದೆ, ಆದರೆ ಆ್ಯಪ್ ದಪ್ಪವಾಗುತ್ತದೆ. ಜೊತೆಗೆ ಡಿಜಿಟಲ್ ಸರಕು ಮಾರುವ ಆ್ಯಪುಗಳಿಗೆ ಆಪಲ್ ಮತ್ತು ಗೂಗಲ್ ಸ್ಟೋರುಗಳದ್ದೇ ಪಾವತಿ ನಿಯಮಗಳಿವೆ, ದೇಶಕ್ಕೊಂದು ರೀತಿ. ಅದನ್ನು ಓದದೆ ಎಸ್‌ಡಿಕೆಗೆ ಕೈ ಹಾಕಬೇಡಿ.

ನಾನು ಉಳಿಸಿಕೊಂಡದ್ದು

ಒಂದು ಸಲದ ಖರೀದಿಗೆ ಗೇಟ್‌ವೇಯದ್ದೇ ಪುಟ. ಚಂದಾದಾರರು ಕಾರ್ಡ್ ಬದಲಿಸುವ ಪುಟಕ್ಕೆ ಮಾತ್ರ ಐಫ್ರೇಮ್, ಯಾಕೆಂದರೆ ಅಲ್ಲಿ ಅವರನ್ನು ಹೊರಗೆ ಕಳಿಸಿ ವಾಪಸ್ ಕರೆಯುವುದು ಅಡ್ಡಾದಿಡ್ಡಿ ಅನ್ನಿಸಿತು. ಎರಡರ ಹಿಂದೆಯೂ ಒಂದೇ ವೆಬ್‌ಹುಕ್.

ನಾಳೆ ಗೇಟ್‌ವೇ ಬದಲಿಸಬೇಕಾದರೆ ಅಂತ ಕೆಲವರು ನಡುವೆ ತಮ್ಮದೇ ಒಂದು ಪದರ ಕಟ್ಟುತ್ತಾರೆ. ಚಿಕ್ಕ ಸೈಟಿಗೆ ಅದು ಅತಿಯಾಯಿತು. ಕೋಡ್ ಹೇಗೂ ಬದಲಿಸಬಹುದು, ಕಷ್ಟ ಇರುವುದು ಉಳಿಸಿಟ್ಟ ಕಾರ್ಡುಗಳಲ್ಲಿ. ಒಬ್ಬರು ಕೊಟ್ಟ ಟೋಕನ್ ಇನ್ನೊಬ್ಬರಲ್ಲಿ ನಡೆಯುವುದಿಲ್ಲ. ಕೇಳಿಕೊಂಡರೆ ಸ್ಟ್ರೈಪ್ ಆ ಕಾರ್ಡ್ ವಿವರಗಳನ್ನು ಪಿಸಿಐ ನಿಯಮ ಪಾಲಿಸುವ ಬೇರೊಂದು ಗೇಟ್‌ವೇಗೆ ನೇರವಾಗಿ ರವಾನಿಸುತ್ತದೆ. ಎಲ್ಲರೂ ಹೀಗೆ ಮಾಡುತ್ತಾರೆ ಅಂದುಕೊಳ್ಳಬೇಡಿ. ಚಂದಾ ವ್ಯವಹಾರ ಇದ್ದರೆ ಖಾತೆ ತೆರೆಯುವ ಮೊದಲೇ ಈ ಪ್ರಶ್ನೆ ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.