ಮಾಜ್ದಾ ಎಂಎಕ್ಸ್-5: ಸ್ಪೋರ್ಟ್, ಕ್ಲಬ್, ಗ್ರ್ಯಾಂಡ್ ಟೂರಿಂಗ್‌ಗಳಲ್ಲಿ ಯಾವುದು?

ಅಮೆರಿಕದಲ್ಲಿ ಮಾರಾಟವಾಗುವ, ಟಾಪ್ ತೆರೆಯಬಹುದಾದ ಈ ಪುಟ್ಟ ಕಾರಿನ ಮೂರೂ ಟ್ರಿಮ್‌ಗಳಿಗೆ (ಸೌಲಭ್ಯಕ್ಕೆ ತಕ್ಕ ಆವೃತ್ತಿಗಳಿಗೆ) ಇರುವುದು ಅದೇ 2.0 ಲೀಟರ್ ಎಂಜಿನ್. 2019ರಿಂದ 181 ಅಶ್ವಶಕ್ತಿ, 7,500 ಆರ್‌ಪಿಎಂವರೆಗೆ ಓಟ. ದುಬಾರಿ ಟ್ರಿಮ್ ಕೊಂಡರೆ ಶಕ್ತಿಯೇನೂ ಹೆಚ್ಚುವುದಿಲ್ಲ. ಓಟದ ಮಟ್ಟಿಗೆ ಮುಖ್ಯ ವ್ಯತ್ಯಾಸ ಚಾಸಿಯಲ್ಲಿ, ಅಂದರೆ ಸಸ್ಪೆನ್ಷನ್, ಚಕ್ರಗಳಂಥ ಕೆಳಭಾಗದಲ್ಲಿದೆ.

ಮ್ಯಾನುವಲ್ ಕ್ಲಬ್‌ನಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಎರಡು ಹಿಂಚಕ್ರಗಳಿಗೆ ಬಲ ಹಂಚುವ ಗೇರು), ಬಿಲ್‌ಸ್ಟೀನ್ ಕಂಪನಿಯ ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಮುಂದಿನ ಶಾಕ್ ಟವರ್ ಬ್ರೇಸ್ (ಮುಂಭಾಗ ಬಿಗಿಯಾಗಿಸುವ ಅಡ್ಡಪಟ್ಟಿ) ಇವೆ. ಡಿಫರೆನ್ಷಿಯಲ್ ಒಂದೇ ಸಾಕು, ಹೆಚ್ಚಿನ ಬೆಲೆಗೆ ಅರ್ಥ ಬರುತ್ತದೆ: ಬಿಗಿ ತಿರುವಿನಿಂದ ಹೊರಬರುವಾಗ ಒಳಬದಿಯ ಹಿಂಚಕ್ರದ ಭಾರ ಇಳಿದು ಅದು ಸುಮ್ಮನೆ ಸುತ್ತುತ್ತದೆ, ಇದು ಆ ಬಲವನ್ನು ಹೊರಚಕ್ರಕ್ಕೆ ದಾಟಿಸುತ್ತದೆ. ಆಮೇಲೆ ಹಾಕಿಸುವುದು ದೊಡ್ಡ ಕೆಲಸ. ಹಿಂದಿನ ವರ್ಷಗಳ ಆಟೊಮ್ಯಾಟಿಕ್ ಕ್ಲಬ್‌ನಲ್ಲಿ ಈ ಡಿಫರೆನ್ಷಿಯಲ್ ಇರಲಿಲ್ಲ, ಬಿಲ್‌ಸ್ಟೀನ್ ಕೂಡ ಇರಲಿಲ್ಲ. ಹೆಸರು ನೋಡಿ ಮೋಸಹೋಗಬೇಡಿ.

ಸ್ಪೋರ್ಟ್‌ನ ಟೈರು 195/50ಆರ್16, ಕ್ಲಬ್‌ನದು 205/45ಆರ್17 (ಮಿ.ಮೀ. ಅಗಲ, ಅದರ ಶೇಕಡಾ ಲೆಕ್ಕದಲ್ಲಿ ಪಕ್ಕಗೋಡೆಯ ಎತ್ತರ, ರಿಮ್‌ನ ಇಂಚು). ಸ್ಪೋರ್ಟ್‌ನ ಟೈರಿನ ಪಕ್ಕಗೋಡೆ ಕ್ಲಬ್‌ನದಕ್ಕಿಂತ ಸುಮಾರು 5 ಮಿ.ಮೀ. ಹೆಚ್ಚು ಎತ್ತರ, ಹಳ್ಳದ ರಸ್ತೆಯಲ್ಲಿ ಅದೇ ಹಿತ. ದಿನನಿತ್ಯದ ಓಡಾಟಕ್ಕೆ, ಬಿಸಿಯಾಗುವ ಚರ್ಮದ ಸೀಟು ಬೇಕೆಂದರೆ ಗ್ರ್ಯಾಂಡ್ ಟೂರಿಂಗ್.

ಬಳಸಿದ ಕಾರಾದರೆ, ಟ್ರಿಮ್ ಯಾವುದೇ ಇರಲಿ, ಸೀಟುಗಳ ಹಿಂದೆ ಟಾಪಿನ ನೀರು ಹರಿಯುವ ಕೊಳವೆಗಳನ್ನು ನೋಡಿ. ಕಸ ಕಟ್ಟಿಕೊಂಡರೆ ನೀರು ಒಳಗಿಳಿದು ಕಾರ್ಪೆಟ್ ನೆನೆಯುತ್ತದೆ.