ಬಾಕ್ಸ್ ಮೇಲಿನ ವೇಗ, ನಮ್ಮ ಕಣದಲ್ಲಿ ಸಿಕ್ಕ ವೇಗ: ಕ್ರೊನೊಗ್ರಾಫ್ ಬಗ್ಗೆ ನಾಲ್ಕು ಮಾತು

ಮಗಳ ಏರ್‌ರೈಫಲ್ ಬಾಕ್ಸ್ ಮೇಲೆ ಸೆಕೆಂಡಿಗೆ 1000 ಅಡಿ ವೇಗ ಅಂತ ದಪ್ಪ ಅಕ್ಷರದಲ್ಲಿದೆ. ಅಂದರೆ ಸುಮಾರು 305 ಮೀಟರ್. ಆಲ್ದೂರಿನ ನಮ್ಮ ಕಾಫಿ ಕಣದಲ್ಲಿ, ಹಿಂದೆ ಮಣ್ಣಿನ ದಿಬ್ಬ ನೋಡಿಕೊಂಡು, ಗುಂಡಿನ ವೇಗ ಅಳೆಯುವ ಕ್ರೊನೊಗ್ರಾಫ್ ಇಟ್ಟು ಅಳೆದರೆ ಸಿಕ್ಕಿದ್ದು 240 ಮೀಟರ್ ಆಸುಪಾಸು. "ಅಪ್ಪಾ, ಸ್ಪ್ರಿಂಗ್ ಹೋಗಿದೆಯಾ?" ಅಂತ ಅವಳಿಗೆ ಗಾಬರಿ.

ಸ್ಪ್ರಿಂಗ್ ಚೆನ್ನಾಗೇ ಇದೆ. ಅಂಥ ದೊಡ್ಡ ಅಂಕಿ ಸಾಮಾನ್ಯವಾಗಿ ಬರುವುದು ಹಗುರವಾದ ಅಲಾಯ್ (ಮಿಶ್ರಲೋಹ) ಪೆಲೆಟ್‌ನಿಂದ, ಅಂದರೆ ಏರ್‌ರೈಫಲ್‌ನ ಪುಟ್ಟ ಗುಂಡಿನಿಂದ. ಅವಳು ಹೊಡೆಯುವುದು 0.53 ಗ್ರಾಂನ ಸೀಸದ ಪೆಲೆಟ್. ಲೆಕ್ಕ ಹಾಕಿ ನೋಡಿ: 0.36 ಗ್ರಾಂನ ಅಂಥ ಹಗುರ ಪೆಲೆಟ್ 305 ಮೀಟರ್ ವೇಗದಲ್ಲಿ ಹೋದರೆ ಶಕ್ತಿ 16.7 ಜೂಲ್. ನಮ್ಮದು 240ರಲ್ಲಿ 15 ಜೂಲ್ ಚಿಲ್ಲರೆ. ತೀರಾ ದೂರವೇನಿಲ್ಲ, ಅಲ್ವಾ? ಬೈಕಿನ ಶೋರೂಮ್‌ನಲ್ಲಿ ಹೇಳಿದ ಮೈಲೇಜ್ ಚಾರ್ಮಾಡಿ ಘಾಟಿ ಹತ್ತುವಾಗ ಸಿಗುತ್ತದೆಯೇ? ಇದೂ ಹಾಗೇ.

ಇದನ್ನು ತೋರಿಸಿಕೊಟ್ಟ ಯಂತ್ರದ ಬಗ್ಗೆಯೇ ಈ ಬರಹ. ಎರಡು ಸೆನ್ಸರ್ ಇರುವ, ಮಡಚುವ ಮಾದರಿಯ ಸಾದಾ ಕ್ರೊನೊಗ್ರಾಫ್. ಹತ್ತು ಸಾವಿರದ ಒಳಗೆ ಬಂತು, 9 ವೋಲ್ಟ್ ಬ್ಯಾಟರಿ ಹಾಕಿದರೆ ಸಾಕು. ಪೆಲೆಟ್‌ನ ನೆರಳು ಮೊದಲ ಸೆನ್ಸರ್ ದಾಟಿ ಎರಡನೆಯದನ್ನು ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿ ವೇಗ ಹೇಳುತ್ತದೆ. ನಡುವೆ ಇರುವುದು 30 ಸೆಂಟಿಮೀಟರ್ ಅಷ್ಟೇ. ಹಾಗಾಗಿ ಪೂರ್ತಿ ಬಿಚ್ಚದೆ 3 ಮಿಲಿಮೀಟರ್ ಕಮ್ಮಿಯಾದರೂ ಶೇಕಡಾ 1ರಷ್ಟು ಜಾಸ್ತಿ ವೇಗ ತೋರಿಸುತ್ತದೆ. ಓರೆಯಾಗಿ ಹೊಡೆದರೆ ಕಮ್ಮಿ ತೋರಿಸುತ್ತದೆ. ಸ್ಟ್ಯಾಂಡ್ ಗಟ್ಟಿಯಾಗಿರಲಿ, ಬ್ಯಾರೆಲ್‌ಗೆ ನೇರವಾಗಿರಲಿ.

ಬೆಳಕಿನ ವಿಷಯದಲ್ಲಿ ಇದಕ್ಕೆ ಬಲು ನಖರೆ. ಹಾಲ್‌ನಲ್ಲಿ ಹಳೇ ಟ್ಯೂಬ್‌ಲೈಟ್ ಕೆಳಗೆ ಇಟ್ಟರೆ ಬಾಯಿಗೆ ಬಂದ ಅಂಕಿ ಹೇಳುತ್ತದೆ, ಯಾಕಂದರೆ ಆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸುಡುಬಿಸಿಲಿಗೆ ಮೇಲಿನ ಬಿಳಿ ಪರದೆ ಬೇಕೇ ಬೇಕು. ನಮ್ಮ ಕಡೆಯ ಮೋಡ ಕವಿದ ಆಕಾಶ ಇದಕ್ಕೆ ಹೇಳಿ ಮಾಡಿಸಿದ್ದು. ಮಳೆ ಹನಿ ಬೀಳುವ ಮುಂಚೆ ಮುಗಿಸಿಕೊಳ್ಳಬೇಕು, ಅಷ್ಟೇ.

ತೋಟದ ರೈಫಲ್ ಲೈಸೆನ್ಸ್ ಇರುವ ದೊಡ್ಡಪ್ಪ ಬಂದು ನೋಡಿದರು. ಹೊರದೇಶದಲ್ಲಿ ಕಾರ್ಟ್ರಿಜ್‌ಗೆ (ರೈಫಲ್ ತೋಟೆಗೆ) ತಾವೇ ಮದ್ದು ತುಂಬಿಕೊಳ್ಳುವವರಿಗೂ ಮದ್ದಿನ ಅಳತೆಯ ಪುಸ್ತಕದಲ್ಲಿ ಕೊಟ್ಟ ವೇಗ ಸಿಗುವುದಿಲ್ಲವಂತಲ್ಲ, ಯಾಕೆ ಅಂತ ಕೇಳಿದರು. ಪುಸ್ತಕದವರು ಹೆಚ್ಚಾಗಿ 24 ಇಂಚು ಅಥವಾ ಅದಕ್ಕಿಂತ ಉದ್ದದ ಬ್ಯಾರೆಲ್‌ನಲ್ಲಿ ಅಳೆದಿರುತ್ತಾರೆ. ಒಂದಿಂಚು ಕಮ್ಮಿಯಾದರೆ ಎಷ್ಟೋ ರೈಫಲ್‌ಗಳಲ್ಲಿ ಸೆಕೆಂಡಿಗೆ 20ರಿಂದ 30 ಅಡಿ ಇಳಿಯುತ್ತದೆ. ಪರೀಕ್ಷೆಯ ಬ್ಯಾರೆಲ್‌ನ ಚೇಂಬರ್, ಅಂದರೆ ಕಾರ್ಟ್ರಿಜ್ ಕೂರುವ ಜಾಗ, ಬಿಗಿಯಾಗಿರುತ್ತದೆ, ಅದಕ್ಕೂ ಅಲ್ಲಿ ವೇಗ ಜಾಸ್ತಿ. ಮದ್ದು ತಯಾರಾದ ಲಾಟ್ ಬೇರೆ, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಬೇರೆ, ಅವತ್ತಿನ ಬಿಸಿಲೂ ಬೇರೆ. ಆದರೆ ವೇಗ ಕಮ್ಮಿ ಬಂತು ಅಂತ ಪುಸ್ತಕದ ಮಿತಿ ಮೀರಿ ಮದ್ದು ಸುರಿಯುವುದು ಪ್ರಾಣಕ್ಕೇ ಕುತ್ತು. ನಮ್ಮಲ್ಲಂತೂ ಲೈಸೆನ್ಸ್ ಇಲ್ಲದೆ ಕಾರ್ಟ್ರಿಜ್ ತುಂಬುವುದೇ ಅಪರಾಧ. ದೊಡ್ಡಪ್ಪನಿಗೆ ಇದನ್ನು ಒತ್ತಿ ಹೇಳಿದೆ.

ನನಗೆ ಈ ಯಂತ್ರ ಇಷ್ಟವಾಗಿದ್ದು ದೊಡ್ಡ ಅಂಕಿಗಲ್ಲ. ಹೊಡೆತದಿಂದ ಹೊಡೆತಕ್ಕೆ ವೇಗ ಎಷ್ಟು ಏರುಪೇರಾಗುತ್ತದೆ ಅನ್ನುವುದು ಕಣ್ಣೆದುರೇ ಕಾಣುತ್ತದೆ. ಹೊಸದರಲ್ಲಿ ರೈಫಲ್ ಒಳಗಿನ ಎಣ್ಣೆ ಹೊತ್ತಿ ಹೊಗೆ ಬರುತ್ತಿತ್ತು, ಅಂಕಿಗಳು ಕುಣಿಯುತ್ತಿದ್ದವು. ಆಮೇಲೆ ಒಂದು ಹದಕ್ಕೆ ಬಂದವು, ಗುರಿಹಲಗೆಯ ಮೇಲಿನ ತೂತುಗಳೂ ಹತ್ತಿರ ಹತ್ತಿರ ಬಂದವು. ಮಗಳು ಈಗ ನೋಟ್‌ಬುಕ್ಕಿನಲ್ಲಿ ಬರೆಯುವುದು ಆ ಏರುಪೇರನ್ನೇ.

ಅಂಗಳದಲ್ಲಿ ಹೊಡೆಯುವವರು ಇದನ್ನು ಧಾರಾಳವಾಗಿ ತಗೊಳ್ಳಿ. ಮನೆಯೊಳಗೇ ಅಭ್ಯಾಸ ಮಾಡುವವರು ಸ್ವಲ್ಪ ಜಾಸ್ತಿ ಕೊಟ್ಟು, ತನ್ನದೇ ಇನ್‌ಫ್ರಾರೆಡ್ ಬೆಳಕು ಇರುವ ಮಾದರಿಗೆ ಹೋಗುವುದು ಒಳ್ಳೆಯದು.