ಇನ್, ಆನ್, ಅಂಡರ್: ಚಾರ್ಟ್ ಸಾಕಾ, ಗೊಂಬೆ ಬೇಕಾ?

ಮಕ್ಕಳಿಗೆ ಇಂಗ್ಲಿಷಿನ ಇನ್, ಆನ್, ಅಂಡರ್ ಕಲಿಸೋಕೆ ಚಿತ್ರದ ಚಾರ್ಟ್ ಅಗ್ಗ, ಗೋಡೆಗೆ ಅಂಟಿಸಿದರೆ ಆಯಿತು. ಕೊಪ್ಪಳದ ನಮ್ಮ ಮನೆಯಲ್ಲೂ ಇದೆ. ಮಗಳು ಬೆಕ್ಕಿನ ಚಿತ್ರ ನೋಡಿ ಸುಮ್ನೆ ಬಾಯಿಪಾಠ ಒಪ್ಪಿಸುತ್ತಾಳೆ, ಅಷ್ಟೇ.

ನನ್ನ ಓಟು ಕಿನ್ನಾಳದ ಮರದ ಗೊಂಬೆಗೆ, ಜೊತೆಗೊಂದು ರೊಟ್ಟಿ ಬುಟ್ಟಿಗೆ. ಗೊಂಬೆ ಬುಟ್ಟಿಯೊಳಗಿದ್ದರೆ ಇನ್. ಬುಟ್ಟಿ ಬೋರಲು ಹಾಕಿ ಅದರ ಮೇಲಿಟ್ಟರೆ ಆನ್. ಅಡಿಯಲ್ಲಿ ಮುಚ್ಚಿಟ್ಟರೆ ಅಂಡರ್. ಮಗು ತಾನೇ ಎತ್ತಿ ನೋಡುತ್ತದೆ.

ನಿಜವಾದ ತೊಡಕು ಬೇರೆ. ಮಂಚದ ಮೇಲೆ ಗೊಂಬೆ, ತಲೆ ಮೇಲೆ ಫ್ಯಾನು: ನಮಗೆ ಎರಡೂ ‘ಮೇಲೆ’ಯೇ. ಇಂಗ್ಲಿಷಿನಲ್ಲಿ ತಾಗಿಕೊಂಡಿದ್ದರೆ ಆನ್, ತಾಗದೆ ಮೇಲಿದ್ದರೆ ಅಬೋವ್. ಗೊಂಬೆಯನ್ನು ಮಂಚದಿಂದ ಒಂದು ಗೇಣು ಎತ್ತಿ ಹಿಡಿದರೆ ಥಟ್ಟನೆ ಹೊಳೆಯುತ್ತದೆ. ಚಾರ್ಟಿನಲ್ಲಿ ಇದು ಕಷ್ಟ.

ಮಗು ‘ಆನ್ ದ ಬಾಕ್ಸ್’ ಅನ್ನುವ ಬದಲು ‘ಬಾಕ್ಸ್ ಆನ್’ ಅಂದರೆ ಗದರಬೇಡಿ. ‘ಪೆಟ್ಟಿಗೆ ಮೇಲೆ’ ಅನ್ನುವ ಕನ್ನಡದ ಲೆಕ್ಕ ಅದು, ಅಲ್ವಾ?